ಪೀಠವೇರಿದ ನಮ್ಮೂರ ವಕೀಲ ಸಾಹೇಬರಿಗೊಂದು ಬಹಿರಂಗ ಪತ್ರ

ಮಹನೀಯರೇ,

ತಮ್ಮ ಸನ್ನಿಧಾನಕ್ಕೆ ನಮ್ಮೂರಿನ ಹಳೆಯ ಕಕ್ಷಿದಾರನೊಬ್ಬನ ಅನಂತ ನಮಸ್ಕಾರಗಳು. ವಕೀಲರಾಗಿ, ಪುರಸಭೆಯ ಅಧ್ಯಕ್ಷರಾಗಿ, ಈಗ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ ತಾವು ಏರಿದ ಎತ್ತರ ಊರಿಗೆಲ್ಲ ಹೆಮ್ಮೆ. ಆ ಹೆಮ್ಮೆಯ ಹಕ್ಕಿನಿಂದಲೇ ಈ ಅರಿಕೆ.

ಮೊದಲು ತಮ್ಮ ವಕೀಲಿಕೆಯ ಋಣ. ಎಷ್ಟೋ ಬಡವರ ಕೇಸನ್ನು ಫೀಸು ಕೇಳದೆ ನಡೆಸಿದ್ದೀರಿ. ಅದನ್ನು ಮರೆತರೆ ನಾನು ಕೃತಘ್ನ. ಆದರೆ ನನ್ನ ತಂದೆಯ ಪಾಲಿನ ದಾವೆಯಲ್ಲಿ ಪ್ರತಿವಾದಿಗಳ ಪರ ನಿಂತು ವಾಯಿದೆಯ ಮೇಲೆ ವಾಯಿದೆ ಪಡೆದಿರಿ. ವಿಚಾರಣೆಯ ವೇಳೆ ಒಬ್ಬ ಕಕ್ಷಿದಾರನಿಗೆ 3ಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶವೇ ಹೇಳುತ್ತದೆ. ತೀರ್ಪು ಬರುವ ಹೊತ್ತಿಗೆ ತಂದೆ ಇರಲಿಲ್ಲ. ಈಗ ವಾಯಿದೆ ಕೊಡುವ ಅಧಿಕಾರ ತಮ್ಮದೇ. ದಯವಿಟ್ಟು ಕೈ ಬಿಗಿ ಹಿಡಿಯಿರಿ.

ಪುರಸಭೆಯಲ್ಲಿದ್ದಾಗ ನಮ್ಮ ಓಣಿಗೆ ನಲ್ಲಿ ನೀರು ತಂದಿರಿ. ಆ ನೀರು ಕುಡಿಯುವಾಗಲೆಲ್ಲ ತಮ್ಮನ್ನು ನೆನೆಯುತ್ತೇವೆ. ಅದೇ ಅವಧಿಯಲ್ಲಿ ರಾಜಕಾಲುವೆಯ ಮೇಲೆ ಮಳಿಗೆ ಕಟ್ಟಲು ತಮ್ಮ ಪಕ್ಷದವರಿಗೆ ಅನುಮತಿ ಕೊಡುವ ನಿರ್ಣಯಕ್ಕೂ ತಾವೇ ಸಹಿ ಹಾಕಿದಿರಿ. ಮಳೆ ಜೋರಾದರೆ ಚರಂಡಿ ನೀರು ನಮ್ಮ ಅಡುಗೆಮನೆಗೆ ನುಗ್ಗುತ್ತದೆ.

ಇನ್ನು ನ್ಯಾಯಪೀಠ. ಹೈಕೋರ್ಟಿನ ನ್ಯಾಯಮೂರ್ತಿಯಾಗಲು 10 ವರ್ಷ ಹೈಕೋರ್ಟು ವಕೀಲರಾಗಿದ್ದರೆ ಸಾಕು ಎನ್ನುತ್ತದೆ ಸಂವಿಧಾನದ 217ನೇ ವಿಧಿ. ಪಕ್ಷದಲ್ಲಿದ್ದವರು ಬರಬಾರದು ಎಂದು ಅದು ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಜನರ ನಡುವೆ ಓಡಾಡಿದವರಿಗೆ ಕಡತದ ಹಿಂದಿನ ಕಷ್ಟ ಕಾಣುತ್ತದೆ. ಆದರೆ ಆ ಮಳಿಗೆಗಳ ವಿರುದ್ಧದ ರಿಟ್ ಅರ್ಜಿ ತಮ್ಮ ಪೀಠದ ಮುಂದೆಯೇ ಬಂದಾಗ ತಾವು ವಿಚಾರಣೆಯಿಂದ ಹಿಂದೆ ಸರಿಯಲಿಲ್ಲ. ತಾವೇ ಸಹಿ ಹಾಕಿದ ನಿರ್ಣಯದ ಬಗ್ಗೆ ತಾವೇ ತೀರ್ಪು ಕೊಟ್ಟಿರಿ. ಆ ತೀರ್ಪು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೂ ಊರಿನಲ್ಲಿ ಯಾರೂ ಅದನ್ನು ನಂಬಲಿಲ್ಲ. ಭಯ, ಪಕ್ಷಪಾತ, ರಾಗ, ದ್ವೇಷ ಇಲ್ಲದೆ ಕೆಲಸ ಮಾಡುವೆನೆಂದು ತಾವು ಪ್ರಮಾಣ ಮಾಡಿದ್ದು ನಮ್ಮಂಥವರ ನಂಬಿಕೆ ಉಳಿಯಲಿ ಎಂದೇ ಅಲ್ಲವೇ?

ತಮ್ಮ ಹಾದಿಯಲ್ಲಿ ನಡೆದ ಹಿರಿಯರನ್ನು ಭಕ್ತಿಯಿಂದ ನೆನಪಿಸುತ್ತೇನೆ. ಕಾರ್ಕಳ ಸೀಮೆಯ ಕೌಡೂರಿನ ಕೆ.ಎಸ್. ಹೆಗ್ಡೆಯವರು 1952ರಿಂದ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದು, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಮುಂದೆ ಸುಪ್ರೀಂ ಕೋರ್ಟಿನಲ್ಲಿ, 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ, ಹಳೆಯ ಪಕ್ಷದ ಸರ್ಕಾರಕ್ಕೆ ಬೇಕಾದ ತೀರ್ಪು ಬರೆಯಲಿಲ್ಲ. ಜ್ಯೇಷ್ಠತೆ ಮೀರಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ, ಸಹ ನ್ಯಾಯಮೂರ್ತಿಗಳಾದ ಶೇಲತ್ ಮತ್ತು ಗ್ರೋವರ್ ಅವರೊಂದಿಗೆ ರಾಜೀನಾಮೆ ಕೊಟ್ಟು ಹೊರನಡೆದರು. ಹೆಗ್ಡೆಯವರು ಮುಂದೆ ಚುನಾವಣೆಗೆ ನಿಂತರು ನಿಜ. ಪೀಠ ಬಿಟ್ಟು 4 ವರ್ಷ ಕಳೆದ ಮೇಲೆ, 1977ರಲ್ಲಿ. ಕೇರಳದ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ 1975ರ ಜೂನ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಲೋಕಸಭೆಗೆ ಆಯ್ಕೆ ರದ್ದಾಗಿದ್ದ ಇಂದಿರಾ ಗಾಂಧಿಯವರಿಗೆ ಷರತ್ತಿನ ತಡೆಯಾಜ್ಞೆಯನ್ನಷ್ಟೇ ಕೊಟ್ಟರು: ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ.

ಇನ್ನೊಂದು ಮಾದರಿಯೂ ಇದೆ. ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯತ್ವ ಬಿಟ್ಟು ನ್ಯಾಯಮೂರ್ತಿಯಾದ ಬಹರುಲ್ ಇಸ್ಲಾಂ, 1983ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಅದೇ ಪಕ್ಷದ ಅಭ್ಯರ್ಥಿಯಾದರು. ಹಿಂದಿನ ತಿಂಗಳಷ್ಟೇ ಅವರಿದ್ದ ಪೀಠದ ಬಹುಮತದ ತೀರ್ಪು ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಮೇಲಿನ ಮೊಕದ್ದಮೆ ಹಿಂತೆಗೆತವನ್ನು ಎತ್ತಿಹಿಡಿದಿತ್ತು. ಆ ತೀರ್ಪಿನ ಮೇಲೆ ಬಿದ್ದ ಅನುಮಾನ ಇಂದಿಗೂ ಹೋಗಿಲ್ಲ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ. ತಮ್ಮ ಹಳೆಯ ಕಕ್ಷಿದಾರರ, ಪಕ್ಷದ, ಪುರಸಭೆಯ ಪ್ರಕರಣ ಬಂದರೆ ಕಾರಣವನ್ನು ತೆರೆದ ನ್ಯಾಯಾಲಯದಲ್ಲೇ ಹೇಳಿ ಬೇರೆ ಪೀಠಕ್ಕೆ ಕಳುಹಿಸಿ. 62ಕ್ಕೆ ನಿವೃತ್ತರಾದ ಮೇಲೆ ಕೆಲವು ವರ್ಷವಾದರೂ ಯಾವ ಪಕ್ಷದ ಟಿಕೆಟ್ಟನ್ನೂ, ಯಾವ ಸರ್ಕಾರದ ಹುದ್ದೆಯನ್ನೂ ಒಪ್ಪಿಕೊಳ್ಳಬೇಡಿ. ಇಷ್ಟು ನಡೆಸಿಕೊಟ್ಟರೆ, ತಮ್ಮ ಮುಂದೆ ಕೇಸು ಸೋತವನೂ ನ್ಯಾಯವಾಗಿ ಸೋತೆ ಎಂದುಕೊಂಡು ಮನೆಗೆ ಹೋಗುತ್ತಾನೆ.

ಇತಿ ತಮ್ಮ ವಿಧೇಯ,
ರಾಜಕಾಲುವೆ ಪಕ್ಕದ ನಿವಾಸಿ