ಅಜ್ಜಿಗೆ ಹಪ್ಪಳ ಬರುತ್ತಿರಲಿಲ್ಲ

ಇನ್‌ಸ್ಟಾಗ್ರಾಮ್ ನೋಡಿದರೆ ಈ ದೇಶದ ಅಜ್ಜಿಯರೆಲ್ಲ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಹುಟ್ಟಿ ಬೆಳೆದು, ಕಣ್ಣು ಮುಚ್ಚುವ ಮುಂಚೆ ಮಸಾಲೆಯ ಗುಟ್ಟನ್ನು ಮೊಮ್ಮಗಳ ಕಿವಿಯಲ್ಲಿ ಉಸುರಿ ಹೋದವರೇ. ಸಾಂಬಾರು ಹಳಸಿಸಿದ ಅಜ್ಜಿ, ಒಲೆಗಿಂತ ಇಸ್ಪೀಟಿನಲ್ಲಿ ಪಳಗಿದ ಅಜ್ಜಿ ಹುಡುಕಿದರೂ ಸಿಗುವುದಿಲ್ಲ.

ಮುಂಬಯಿಯಲ್ಲಿ ನಮ್ಮ ಜೋಗೇಶ್ವರಿ ಪೂರ್ವದ ಕಟ್ಟಡದಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದಾರೆ. ಒನ್ ರೂಮ್ ಕಿಚನ್ನಿನಲ್ಲಿ ಉದ್ದಿನ ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾರೆ. ಅಂಧೇರಿಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಎಂಬ ಉದ್ಯೋಗದಲ್ಲಿರುವ ಅವರ ಅಣ್ಣನ ಮಗ ಬಂದು, "ಅತ್ತೆ, ನಿಮ್ಮದೊಂದು ಬ್ರ್ಯಾಂಡ್ ಕಟ್ಟುವ" ಎಂದ. ಎಲ್ಲ ಅಥೆಂಟಿಕ್ ಆಗಿರಬೇಕಂತೆ. ಅದಕ್ಕೆ ಹಿತ್ತಾಳೆ ಹರಿವಾಣ ಬಾಡಿಗೆಗೆ ಬಂತು, ಬಾಳೆಲೆ ಬಂತು, ರೇಷ್ಮೆ ಸೀರೆ ಉಡಿಸಿದ್ದಾಯಿತು. ಅಕ್ಕ ಹಪ್ಪಳ ಒತ್ತುವುದು ನೈಟಿಯಲ್ಲಿ, ಹೆಗಲಿಗೊಂದು ಟವೆಲ್ ಹಾಕಿಕೊಂಡು. ವಿಡಿಯೋ ಮಧ್ಯೆ ಕುಕ್ಕರ್ ಕೂಗಿತು. ಬಾಗಿಲಲ್ಲಿ "ಭಾಬಿ, ಥೋಡಾ ಕಡಿಪತ್ತಾ ಹೈ ಕ್ಯಾ?" ಎಂದು ಯಾರೋ ಕರಿಬೇವು ಕೇಳಿದರು. ಹುಡುಗ ಅದನ್ನೆಲ್ಲ ಕತ್ತರಿಸಿ ಕೊಳಲು ಸೇರಿಸಿದ.

"ಈಗ ನಿಮ್ಮ ಅಜ್ಜಿಯ ಕಥೆ ಹೇಳಿ ಅತ್ತೆ."

"ಎಂತ ಕಥೆ ಮಾರಾಯ? ನನ್ನ ಅಜ್ಜಿಗೆ ಹಪ್ಪಳ ತಿನ್ನಲಿಕ್ಕೆ ಬರ್ತಿತ್ತು, ಮಾಡ್ಲಿಕ್ಕೆ ಬರ್ತಿರ್ಲಿಲ್ಲ. ನಾನು ಕಲ್ತದ್ದು ಇಲ್ಲೇ, ಮೂರನೇ ಮಾಳಿಗೆಯ ಗುಜರಾತಿ ಬೆನ್ ಹತ್ರ."

ಹುಡುಗನ ಮುಖ ಹಪ್ಪಳಕ್ಕಿಂತ ಮೊದಲು ಒಣಗಿತು. ಆದರೂ ಬಿಡಲಿಲ್ಲ, ಪೊಟ್ಟಣದ ಮೇಲೆ ನಗುವ ಅಜ್ಜಿಯ ಚಿತ್ರ ಬರೆಸಿದ. ಎಷ್ಟು ದೊಡ್ಡ ಅಜ್ಜಿಯೆಂದರೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರಿಗೆ ಜಾಗವೇ ಉಳಿಯಲಿಲ್ಲ.

ಗುಜರಾತಿ ಬೆನ್ ಎಂದರೆ ಈ ಊರಿನಲ್ಲಿ ಸಾಮಾನ್ಯರೇ? 1959ರ ಮಾರ್ಚ್ 15ರಂದು ಗಿರಗಾಂವಿನ ಕಟ್ಟಡವೊಂದರ ತಾರಸಿಯಲ್ಲಿ ಜಸವಂತಿಬೆನ್ ಪೋಪಟ್ ಮತ್ತು ಆರು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಿದರು. ಮೊದಲ ದಿನ ತಯಾರಾದದ್ದು ನಾಲ್ಕೇ ಪೊಟ್ಟಣ. ಅದೇ ಲಿಜ್ಜತ್ ಪಾಪಡ್. ಆ ವರ್ಷದ ಮಳೆಗಾಲದಲ್ಲಿ ಹಪ್ಪಳ ಒಣಗದೆ ತಿಂಗಳುಗಟ್ಟಲೆ ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು: ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೌ! ನಮ್ಮ ಹುಡುಗ ಅಲ್ಲಿದ್ದಿದ್ದರೆ ಮೊದಲು ಕತ್ತರಿಸುತ್ತಿದ್ದದ್ದು ಆ ಮಂಚವನ್ನೇ. ಅಗ್ಗಕ್ಕೆ ಮಾರಲೆಂದು ಎರಡನೇ ದರ್ಜೆಯ ಹಪ್ಪಳವನ್ನೂ ಅವರು ಮಾಡಿ ನೋಡಿದ್ದರು. ದಾರಿ ತೋರಿಸುತ್ತಿದ್ದ ಛಗನ್‌ಬಾಪಾ ಬೇಡವೆಂದರು, ಅದು ಅಲ್ಲಿಗೇ ನಿಂತಿತು. ಲಿಜ್ಜತ್‌ನ ಟಿವಿ ಜಾಹೀರಾತಿನ ಮೊಲ ಆಮೇಲಿನದು.

ಏನನ್ನೂ ಮುಚ್ಚಿಡದವರಲ್ಲಿ ನಮ್ಮ ಬೆಂಗಳೂರಿನ ಎಂಟಿಆರ್ ಹೋಟೆಲಿನ ಯಜ್ಞನಾರಾಯಣ ಮಯ್ಯರಂತೂ ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಹೋಗಲಿ ಎಂದವರು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಎಂಟಿಆರ್‌ನವರು ಆಯಾ ದಿನದ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರಂತೆ. ಲಾಭದ ಸ್ಕ್ರೀನ್‌ಶಾಟ್ ಹಾಕುವವರು ಈಗ ಬೀದಿಗೆ ಹತ್ತು ಮಂದಿ. ನಷ್ಟದ್ದು ಹಾಕಿ ನೋಡುವ!

ಅಕ್ಕನಿಗೆ ಈ ಚರಿತ್ರೆಯೆಲ್ಲ ಗೊತ್ತಿಲ್ಲ, ಗೊತ್ತಾಗಬೇಕೆಂಬ ಆಸೆಯೂ ಇಲ್ಲ. ಜುಲೈಯಲ್ಲಿ ಮಳೆ ಬಿಡದೆ ಹೊಡೆದಾಗ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಒಂದು ವಾಯ್ಸ್ ಮೆಸೇಜ್ ಬಿಟ್ಟರು: ಹಪ್ಪಳ ಒಣಗಿಲ್ಲ, ಹೊಸ ಆರ್ಡರ್ ಬೇಡ, ನಿನ್ನೆ ಕೊಟ್ಟದ್ದು ತುಸು ಹಸಿ ಇದೆ, ಇವತ್ತೇ ಕರಿದು ಮುಗಿಸಿ, ಇಲ್ಲವಾದರೆ ವಾಪಸ್ ತಂದು ದುಡ್ಡು ಒಯ್ಯಿರಿ. ಹಿಂದೆ ಕುಕ್ಕರ್ ಕೂಗುವುದೂ ಕೇಳುತ್ತಿತ್ತು. ಹುಡುಗ, "ಅತ್ತೆ, ಹೀಗೆ ನೆಗೆಟಿವ್ ಹಾಕಿದರೆ ಬ್ರ್ಯಾಂಡ್ ಮುಳುಗುತ್ತದೆ" ಎಂದು ತಲೆಗೆ ಕೈ ಹೊತ್ತ. ಒಂದು ಪೊಟ್ಟಣವೂ ವಾಪಸ್ ಬರಲಿಲ್ಲ. ಸಂಜೆ ಇಡೀ ಕಟ್ಟಡ ಹಪ್ಪಳ ಕರಿದು ಚಾ ಕುಡಿಯಿತು.

ಕೊಳಲಿನ ರೀಲಿಗೂ ಲೈಕುಗಳು ಬಂದವು, ಸುಳ್ಳು ಹೇಳಬಾರದು. ಕೆನಡಾದಿಂದ ಒಬ್ಬರು ಐವತ್ತು ಪೊಟ್ಟಣ ಕಳಿಸುತ್ತೀರಾ ಎಂದು ಕೇಳಿದರು. ಹುಡುಗ ಕುಣಿಯುತ್ತಿರುವಾಗಲೇ ಅಕ್ಕ ಅವನ ಫೋನು ಇಸಿದುಕೊಂಡು ಉತ್ತರ ಹಾಕಿಬಿಟ್ಟರು: "ಗೋರೆಗಾಂವ್ ದಾಟಿ ಕೊಡುವುದಿಲ್ಲ, ಲೋಕಲ್ ಟ್ರೇನಿನ ರಶ್ಶಿನಲ್ಲಿ ಪುಡಿಯಾಗುತ್ತದೆ."