ಮೊದ್ಲ ತಿನ್ನು, ಆಮ್ಯಾಲ ಎಣಿಸು
ಜೋಳ, ಸಜ್ಜೆಗಳ ಮರ್ಯಾದೆಗೆಂದು ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಬಸವಕಲ್ಯಾಣದ ಆಯಿಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವರು ರೊಟ್ಟಿ ಬಡಿದು ಮುಗಿಸಿದ್ದರು.

ಮೊಮ್ಮಕ್ಕಳ ಪಠ್ಯವೇ ಬೇರೆ. ಹುಮನಾಬಾದಿನ ಹೆದ್ದಾರಿ ಬದಿ ನೂಡಲ್ಸ್ ತಿನ್ನುವ ಹುಡುಗ ಪುಂಡಿಪಲ್ಯ ಕಂಡರೆ ‘ಹುಳಿ’ ಅಂತ ಮುಖ ಕಿವುಚುತ್ತಾನೆ. ಚಿಪ್ಸ್ ಪೊಟ್ಟಣದ ತಳದ ಹುಳಿಪುಡಿಗೆ ಮಾತ್ರ ಬೆರಳು ನೆಕ್ಕುತ್ತಾನೆ.

ಇಂಥವರನ್ನು ಎಳ್ಳಮವಾಸ್ಯೆಗೆ ಹೊಲಕ್ಕೆ ಎಳೆದೊಯ್ಯಬೇಕು. ಚರಗ ಚೆಲ್ಲಿ ಕೂತರೆ ಎದುರಿಗೆ ಭಜ್ಜಿ: ಹಸಿಕಡಲೆ, ತೊಗರಿಕಾಳು, ಅವರೆ, ಮೆಂತ್ಯೆ, ಬದನೆ, ಗಜ್ಜರಿ, ಕೈಗೆ ಸಿಕ್ಕಿದ್ದೆಲ್ಲ ಕಡಲೆಹಿಟ್ಟು, ಹುಣಸೆಹುಳಿಯಲ್ಲಿ ಕುದ್ದು ಒಂದಾಗಿರುತ್ತವೆ. ಜೊತೆಗೆ ಸಜ್ಜಿ ರೊಟ್ಟಿ, ಅಂಬಲಿ. ಇದರಾಗ ಪ್ರೋಟೀನ್ ಎಷ್ಟದ ಅಂತ ಮೊಬೈಲ್ ತೆಗೆದರೆ ಆಯಿ ಬಿಡುತ್ತಾಳೆಯೇ? “ಮೊದ್ಲ ತಿನ್ನು, ಆಮ್ಯಾಲ ಎಣಿಸು!”

ಮಕ್ಕಳ ಊಟದ ವಿಷಯದಲ್ಲಿ ಸರ್ಕಾರವೂ ಸುಮ್ಮನೆ ಕೂತಿಲ್ಲ. 2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂತು, ಒಲ್ಲದವರಿಗೆ ಬಾಳೆಹಣ್ಣು. ರಾಜ್ಯದ ತುಂಬ ಪರ-ವಿರೋಧ ಜೋರಾಯಿತು. ಬಸವಕಲ್ಯಾಣವೋ ಶರಣರ ಅನುಭವ ಮಂಟಪದ ನೆಲ, ಚರ್ಚೆಗೆ ಬೇಡ ಎನ್ನುವವರಾರು? ಮಕ್ಕಳು ಮಾತ್ರ ಅಷ್ಟರಲ್ಲಿ ಸಿಪ್ಪೆ ಸುಲಿದಿದ್ದರು.