ಕುರ್ಚಿ ಬಿಟ್ಟೇಳದ ಊರು

ಅಥೆನ್ಸ್‌ಗೆ ಹೋಗಿಬಂದೆ ಅಂದ್ರೆ ಸಾಕು, ಎಲ್ಲರೂ ಅಕ್ರೊಪೊಲಿಸ್ ಹೇಗಿತ್ತು ಅಂತಾನೇ ಕೇಳ್ತಾರೆ ಕಣ್ರೀ. ಗುಡ್ಡದ ಮೇಲಿನ ಆ ಹಳೇ ದೇಗುಲ ಚೆನ್ನಾಗೇ ಇದೆ. ಎರಡು ಸಾವಿರದ ನಾನೂರು ವರ್ಷದಿಂದ ನಿಂತಿದೆ, ಇನ್ನೂ ನಿಂತಿರುತ್ತೆ. ನಾನು ಕಣ್ಣುಬಿಟ್ಟು ನೋಡಿದ್ದು ಅದರ ಕೆಳಗೆ ಕೂತಿರೋ ಜನಾನ.

ಒಂದೇ ಒಂದು ಕಾಫಿ ತರಿಸ್ಕೊಂಡು ಎರಡು ಗಂಟೆ ಕೂರ್ತಾರೆ! ಅದೂ ಐಸ್ ಹಾಕಿದ ಕಾಫಿ. 1957ರಲ್ಲಿ ಗ್ರೀಸಿನ ಥೆಸಲೊನೀಕಿ ಊರಿನ ವಸ್ತುಪ್ರದರ್ಶನದಲ್ಲಿ ಕಾಫಿ ಕಂಪನಿಯವನೊಬ್ಬನಿಗೆ ಬಿಸಿನೀರು ಸಿಗಲಿಲ್ಲವಂತೆ. ಇನ್‌ಸ್ಟಂಟ್ ಪುಡೀನ ತಣ್ಣೀರಲ್ಲೇ ಕುಲುಕಿ ಕುಡಿದ. ನೊರೆ ಬಂತು, ಫ್ರಾಪೆ ಅಂತ ಹೆಸರಾಯ್ತು, ದೇಶಕ್ಕೆ ದೇಶಾನೇ ಹೀರ್ತಾ ಕೂತ್ಕೊಂಡಿತು.

‘ಕೆಲ್ಸ ಬೊಗ್ಸೆ ಇಲ್ವೇನ್ರೀ ಅವ್ರಿಗೆ?’ ಅಂದ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಯುರೋಪಿಯನ್ ಒಕ್ಕೂಟದಲ್ಲಿ ವಾರಕ್ಕೆ ಅತಿ ಹೆಚ್ಚು ಹೊತ್ತು ದುಡಿಯೋರು ಈ ಗ್ರೀಕರೇ ಕಣ್ರೀ. 2023ರ ಲೆಕ್ಕದಲ್ಲಿ ಹತ್ತಿರಹತ್ತಿರ 40 ಗಂಟೆ. ಸಾಲದ್ದಕ್ಕೆ 2024ರಲ್ಲಿ ಕೆಲವು ಉದ್ಯಮಗಳಿಗೆ ವಾರಕ್ಕೆ ಆರು ದಿನ ಕೆಲಸ ಮಾಡಿಸ್ಕೊಳ್ಳೋ ಕಾನೂನೂ ಬಂತು. 2015ರ ಸಾಲದ ಬಿಕ್ಕಟ್ಟಲ್ಲಂತೂ ಬ್ಯಾಂಕುಗಳೇ ಮುಚ್ಚಿ, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಅಂತ ಜನ ಸಾಲು ನಿಂತಿದ್ರು. ಇಷ್ಟೆಲ್ಲಾ ಇರೋದ್ರಿಂದಲೇ ಕೂರ್ತಾರೆ. ಕೆಲಸ ಮುಗಿಸಿ ಹರಟೆ ಹೊಡೆಯೋಣ ಅಂತೀವಿ ನಾವು. ಕೆಲಸ ಮುಗಿಯೋದೇ ಇಲ್ಲ ಅಂತ ಅವರಿಗೆ ಗೊತ್ತು.

ಮಧ್ಯಾಹ್ನದ ನಿದ್ದೆಗೂ ಮರ್ಯಾದೆ ಇದೆ. ಬೇಸಿಗೆಯಲ್ಲಿ ಮೂರರಿಂದ ಐದೂವರೆವರೆಗೆ ಗದ್ದಲ ಮಾಡೋ ಹಾಗಿಲ್ಲ, ಕಾನೂನೇ ಇದೆ. ಆ ಉರಿಬಿಸಿಲಲ್ಲಿ ಬೀದೀಲಿ ಓಡಾಡೋರು ಟೋಪಿ ಹಾಕ್ಕೊಂಡ ಪ್ರವಾಸಿಗರು ಮಾತ್ರ.

ಹೆಸರಿನ ಹಬ್ಬ ಅಂತ ಇನ್ನೊಂದು. ಯಾವ ಸಂತರ ಹೆಸರಿದೆಯೋ ಅವರ ದಿನ ನಿಮಗೆ ಹಬ್ಬ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ ಅಲ್ಲೂ ಉಂಟು. ಹಾಗಾಗಿ ಅಜ್ಜನ ಹೆಸರು ಯೊರ್ಗೋಸ್ ಆಗಿದ್ರೆ ದಾಯಾದಿಗಳೆಲ್ಲಾ ಯೊರ್ಗೋಸ್‌ಗಳೇ, ಎಲ್ಲರಿಗೂ ಒಂದೇ ದಿನ ಫೋನು. ಸಿಹಿ ಕೊಡಿಸಬೇಕಾದವನು ಹಬ್ಬದವನೇ!

ಹೋಟೆಲಿನ ನ್ಯಾಯ ಕೇಳ್ತೀರಾ? ಕೇಳದೇ ತಂದಿಟ್ಟ ಬ್ರೆಡ್ಡಿಗೆ ಬಿಲ್ಲು ಹಾಕ್ತಾರೆ. ಊಟ ಆದ್ಮೇಲೆ ಕೇಳದೇ ತಂದಿಟ್ಟ ಕಲ್ಲಂಗಡಿಗೆ ಕಾಸಿಲ್ಲ. ಆದ್ರೆ ನೀವಾಗೇ ಕೇಳೋವರೆಗೂ ಬಿಲ್ಲು ತಂದು ಏಳಿ ಅಂತ ಯಾವ ಮಾಣೀನೂ ಅನ್ನಲ್ಲ. ರಾತ್ರಿ ಹನ್ನೊಂದಾದ್ರೂ ಮೇಜುಗಳ ಸಂದೀಲಿ ಮಕ್ಕಳು ಓಡಾಡ್ತಿರ್ತಾವೆ.

ನೀವು ಹೋದ್ರೆ ಒಂದು ನೆನಪಿಟ್ಕೊಳ್ಳಿ: ಸಂಜೆ ಏಳಕ್ಕೇ ಊಟಕ್ಕೆ ಹೋಗ್ಬೇಡಿ. ಊರಿನವರು ಬರೋದು ಒಂಬತ್ತರ ಮೇಲೆ. ಅಷ್ಟು ಬೇಗ ಹೋದ್ರೆ ಪಕ್ಕದ ಮೇಜಿನಲ್ಲೂ ನಮ್ಮಂಥ ಪರದೇಶಿಗಳೇ ಸಿಗ್ತಾರೆ. ಅವರೂ ಅಕ್ರೊಪೊಲಿಸ್ ಹೇಗಿತ್ತು ಅಂತಾನೇ ಕೇಳ್ತಾರೆ!